ಅತ್ತಿಗೆಯ ನೆಟ್ಟನೆ ಗೆರೆ

ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಬೆಳಿಗ್ಗೆ ಆರೂ ಹತ್ತರವರೆಗೆ ಯಾರೂ ಕೆಮ್ಮುವಂತಿರಲಿಲ್ಲ. ನಲ್ಲಿ ತಿರುಗಿಸುವಂತಿಲ್ಲ, ಪಾತ್ರೆ ಮುಟ್ಟುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಹಚ್ಚದ ಒಲೆಯನ್ನು ಕಾಯುತ್ತ ನಿಂತಿರುತ್ತಿದ್ದಳು. ನಾನು ಅತ್ತಿಗೆಯ ಕೋಣೆಯ ಹೊರಗೆ ಗೋಡೆಗೆ ಒರಗಿ, ಕೈಯಲ್ಲಿ ರಟ್ಟಿನ ಪ್ಯಾಡು, ಕಿವಿಯ ಹಿಂದೆ ಪೆನ್ಸಿಲು. ಒಳಗೆ ಥರ್ಮಾಮೀಟರು ‘ಪೀಂ’ ಎಂದ ಮೇಲೆಯೇ ಮನೆಗೆ ಬೆಳಗಾಗುತ್ತಿತ್ತು.

ಅಣ್ಣನಿಗೂ ಅತ್ತಿಗೆಗೂ ಮದುವೆಯಾಗಿ ನಾಲ್ಕು ವರ್ಷ. ಮಕ್ಕಳಾಗಲಿಲ್ಲವೆಂದು ಇಬ್ಬರೂ ಲೇಡಿ ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ಒಂದು ಸೂಕ್ಷ್ಮ ಥರ್ಮಾಮೀಟರು, ಚೌಕುಳಿ ಚೌಕುಳಿಯ ಮೂರು ಹಾಳೆ, ಒಂದು ಮಾಹಿತಿಯ ಹಾಳೆ ಕೊಟ್ಟು ವಿವರಿಸಿದ್ದರು. ಹೆಂಗಸಿನ ಮೈಯ ಉಷ್ಣತೆ ತಿಂಗಳ ಮೊದಲ ಭಾಗದಲ್ಲಿ ಒಂದು ಮಟ್ಟದಲ್ಲಿರುತ್ತದೆ. ಮೊಟ್ಟೆ ಬಿಡುಗಡೆಯಾದ ಮೇಲೆ ಸ್ವಲ್ಪ ಏರಿ, ಮುಟ್ಟಾಗುವವರೆಗೂ ಅಲ್ಲೇ ನಿಲ್ಲುತ್ತದೆ. ಎದ್ದ ಕೂಡಲೇ, ಕಾಲು ನೆಲಕ್ಕಿಡುವ ಮೊದಲು, ಮಾತಾಡುವ ಮೊದಲು, ದಿನವೂ ಒಂದೇ ಹೊತ್ತಿಗೆ ನಾಲಿಗೆಯ ಅಡಿಯಲ್ಲಿಟ್ಟು ಅಳೆಯಬೇಕು.

“ಏರಿಕೆ ಕಂಡ್ರೆ ಮೊಟ್ಟೆ ಬರ್ತಿದೆ ಅಂತ. ಕಾಣ್ಲಿಲ್ಲ ಅಂದ್ರೆ ಮಾತ್ರೆ ಶುರು ಮಾಡೋಣ, ಅದಕ್ಕೂ ಬಗ್ಗದಿದ್ರೆ ಇಂಜೆಕ್ಷನ್ನು. ಮತ್ತೆ ಯಜಮಾನರದ್ದೂ ಒಂದು ಪರೀಕ್ಷೆ ಆಗ್ಬೇಕು” ಎಂದಿದ್ದರಂತೆ.

ಅಣ್ಣನ ಕಿವಿ ಒಳ್ಳೆಯ ಜರಡಿ. ಕೊನೆಯ ವಾಕ್ಯ ಅದರ ತೂತಿನಿಂದ ಕೆಳಗೆ ಬಿತ್ತು. ಅತ್ತಿಗೆ ಎತ್ತಿ ಕೊಡಲು ನೋಡಿದರು.

“ರೀ, ನಿಮ್ಮದೂ ಒಂದು ಪರೀಕ್ಷೆ ಅಂದ್ರಲ್ಲ…”

“ಮೊದಲು ನಿಂದು ಮುಗೀಲಿ. ಒಂದೇ ಸಲ ಎರಡು ಕೋಣೆ ತಪಾಸಣೆಗೆ ಇಟ್ಕೊಂಡ್ರೆ ಯಾವುದು ಸೋರ್ತಿದೆ ಅಂತ ಗೊತ್ತಾಗಲ್ಲ” ಎಂದ.

ಅಣ್ಣ ಹೀಗೆ ಮಾತಾಡುವುದು ಅವನ ಕೆಲಸದಿಂದ. ಅವನು ಹದಿನಾಲ್ಕು ವರ್ಷದಿಂದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಉಷ್ಣತೆಯ ಮೇಲ್ವಿಚಾರಕ. ಅಲ್ಲಿ ಒಂಬತ್ತು ದೊಡ್ಡ ಕೋಣೆಗಳಿವೆ. ಬೆಣ್ಣೆಯದೊಂದು, ಬಟಾಣಿಯದೊಂದು, ಮೀನಿನವು ನಾಲ್ಕು, ಉಳಿದವು ಐಸ್‌ಕ್ರೀಮಿನವು. ಪ್ರತಿಯೊಂದರ ಬಾಗಿಲಿಗೂ ಒಂದು ಚಾರ್ಟು ನೇತುಹಾಕಿರುತ್ತಾರೆ. ಚಾರ್ಟಿನ ಗೆರೆ ನೆಟ್ಟಗಿರಬೇಕು. ಯಾವತ್ತಾದರೂ ಉಷ್ಣತೆ ಏರಿ ಕಂಡರೆ ಅದನ್ನು ಬರೆಯಕೂಡದು. ಯಾರೋ ಮಾಲು ತೆಗೆಯಲು ಬಾಗಿಲು ತೆರೆದಿರುತ್ತಾರೆ. ಬಾಗಿಲು ಮುಚ್ಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ನೋಡಬೇಕು. ಇಳಿದಿರುತ್ತದೆ. ಇಳಿದದ್ದನ್ನು ಬರೆಯಬೇಕು. ಅಣ್ಣನ ಒಂಬತ್ತು ಕೋಣೆಗಳ ಗೆರೆಗಳು ಹದಿನಾಲ್ಕು ವರ್ಷ ಒಂದು ಕೂದಲೆಳೆ ಅಲ್ಲಾಡಿಲ್ಲ. ಅದಕ್ಕಾಗಿ ಎರಡು ಸಲ ಅವನಿಗೆ ಗೋಡೆ ಗಡಿಯಾರ ಕೊಟ್ಟಿದ್ದಾರೆ.

ಹತ್ತನೆಯ ಕೋಣೆಯಾಗಿ ಅತ್ತಿಗೆ ಸೇರಿದರು.

ನನ್ನನ್ನು ಚಾರ್ಟು ಬರೆಯಲು ನೇಮಿಸಿದ್ದಕ್ಕೆ ಮೂರು ಕಾರಣ. ನನ್ನ ಅಕ್ಷರ ದುಂಡಗಿದೆ. ಪದವಿ ಮುಗಿದು ಹನ್ನೊಂದು ತಿಂಗಳಾದರೂ ಕೆಲಸ ಸಿಕ್ಕಿಲ್ಲ. ಮತ್ತು ನಾನು ಯಾರಿಗೂ ಏನನ್ನೂ ಹೇಳುವವಳಲ್ಲ. ಮನೆಯಲ್ಲಿ ನನ್ನನ್ನು ಮೆಲ್ಲಿ ಎನ್ನುತ್ತಾರೆ. ಇಟ್ಟ ಹೆಸರಲ್ಲ, ಮೆಲ್ಲಗೆ ಮಾತಾಡಿ, ಮೆಲ್ಲಗೆ ನಡೆದು ನಾನೇ ಸಂಪಾದಿಸಿದ್ದು. ಹೇಳದೆ ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ. ನನಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯಗಳಿವೆ. ಅವು ನನ್ನ ಹಾಸಿಗೆಯ ಕೆಳಗಿವೆ.

ಮೊದಲ ದಿನವೇ ಅಣ್ಣ ತನ್ನ ದಿಂಬು ಎತ್ತಿಕೊಂಡು ಹಾಲಿನ ಸೋಫಾಕ್ಕೆ ಬಂದುಬಿಟ್ಟ.

“ಇದೇನೋ ಇದು?” ಎಂದಳು ಅಮ್ಮ.

“ಪಕ್ಕದಲ್ಲಿ ಇನ್ನೊಂದು ಮೈ ಇದ್ರೆ ಅದರ ಶಾಖ ತಾಗುತ್ತಮ್ಮ. ರೀಡಿಂಗ್ ಶುದ್ಧವಾಗಿರಲ್ಲ.”

“ಅಯ್ಯೋ, ಮಗು ಬೇಕು ಅಂತ ತಾನೆ ಇಷ್ಟೆಲ್ಲ?”

“ಏರಿಕೆ ಕಾಣ್ಲಿ, ಆ ದಿನ ಒಳಗೆ ಹೋಗ್ತೀನಿ. ಸುಮ್ಮನೆ ದಿನಾ ಹೋಗಿ ಏನು ಪ್ರಯೋಜನ?”

ಅಮ್ಮ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಇದು ಡೈರಿಗೆ ಹೋಯಿತು.

ದಿನವೂ ಹೀಗೆ. ಆರು ಗಂಟೆಗೆ ಅಣ್ಣ ಸೋಫಾದಿಂದ ಎದ್ದು, ತುದಿಗಾಲಲ್ಲಿ ಒಳಗೆ ಹೋಗಿ, ಅತ್ತಿಗೆಯ ಹೆಗಲು ತಟ್ಟಿ, ಬಾಯಿ ತೆರೆಸಿ, ಥರ್ಮಾಮೀಟರು ಇಟ್ಟು, ಕೈಗಡಿಯಾರ ಹಿಡಿದು ನಿಲ್ಲುತ್ತಿದ್ದ. ‘ಪೀಂ’ ಆದ ಮೇಲೆ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದ. ನಾನು ಚೌಕುಳಿಯೊಳಗೆ ಚುಕ್ಕೆ ಇಡುತ್ತಿದ್ದೆ. ಅಮ್ಮ ಒಲೆ ಹಚ್ಚಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ದೊಡ್ಡಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ದೊಡ್ಡಮ್ಮ ಅಮ್ಮನ ಅಕ್ಕ. ಬೇರೆ ಊರಿನಲ್ಲಿದ್ದರೂ ನಮ್ಮ ಮನೆಯಲ್ಲೇ ವಾಸ.

“ಇವತ್ತೆಷ್ಟೇ?”

“ಮೂವತ್ತಾರು ಪಾಯಿಂಟ್ ನಾಲ್ಕು.”

“ನಿನ್ನೆಯೂ ಅಷ್ಟೇ ಇತ್ತಲ್ಲ?”

“ಅದನ್ನೇ ಹೇಳ್ತಿರೋದು ಅಕ್ಕ. ಬಂಡೆ ಇದ್ದಂಗೆ. ಅಲ್ಲಾಡ್ತಾನೇ ಇಲ್ಲ.”

ಇದೆಲ್ಲ ಗೋಡೆಯ ಆಚೆ ಅತ್ತಿಗೆಗೆ ಕೇಳುತ್ತಿತ್ತು. ಅವರು ಎದ್ದು, ಮುಖ ತೊಳೆದು, ಕೂದಲು ಕಟ್ಟಿಕೊಂಡು, ಚಹಾ ಕುಡಿದು, ಕೆಲಸಕ್ಕೆ ಹೊರಡುತ್ತಿದ್ದರು.

ಮೊದಲ ತಿಂಗಳ ಹದಿನಾರನೆಯ ದಿನ ಅಣ್ಣ ಒಳಗಿನಿಂದ, “ಮೂವತ್ತಾರು ಪಾಯಿಂಟ್ ಏಳು ನಾಲ್ಕು” ಎಂದು ಕೂಗಿದ. ನಾನು ಪೆನ್ಸಿಲು ಇಳಿಸುವಷ್ಟರಲ್ಲಿ, “ತಡಿ ತಡಿ, ಬರೀಬೇಡ! ಬಾಗಿಲು ತೆಗೆದಿತ್ತು” ಎಂದ.

“ನಾನೆಲ್ಲೂ ಎದ್ದಿಲ್ಲರೀ” ಎಂದರು ಅತ್ತಿಗೆ.

“ಬಾಯಿ ತೆರ್ಕೊಂಡು ಮಲಗಿದ್ದೆ. ನಾನೇ ನೋಡ್ದೆ. ನೋಡು, ಈಗಲೂ ಮಾತಾಡ್ತಿದ್ದೀಯ.”

“ಡಾಕ್ಟ್ರು ಏರುತ್ತೆ ಅಂದಿದ್ರಲ್ಲ?”

“ಏರೋದು ಅಂದ್ರೆ ಏರಬೇಕು. ಪಾಯಿಂಟ್ ಮೂರು ಅನ್ನೋದು ಏರಿಕೆಯಲ್ಲ, ಬಾಗಿಲು. ಹದಿನಾಲ್ಕು ವರ್ಷದಿಂದ ನೋಡ್ತಿದ್ದೀನಿ. ಎರಡು ಗುಟುಕು ನೀರು ಕುಡಿ.”

ತಣ್ಣೀರು ಕುಡಿಸಿದ. ಕಿಟಕಿ ತೆರೆದ. ಫ್ಯಾನು ಹಾಕಿದ. ಹತ್ತು ನಿಮಿಷದ ಮೇಲೆ, “ಮೂವತ್ತಾರು ಪಾಯಿಂಟ್ ನಾಲ್ಕು ಐದು! ಹಾಂ, ಇದನ್ನ ಬರಿ” ಎಂದ. ದನಿಯಲ್ಲಿ ಕಳೆದುಹೋದ ದನ ಕೊಟ್ಟಿಗೆಗೆ ಮರಳಿದ ನೆಮ್ಮದಿ.

ಬರೆದೆ. ಆದರೆ ಆಮೇಲೆ ಡೈರಿ ತೆಗೆದಾಗ ಎರಡೂ ಅಂಕಿ ಬರೆದೆ. ಅನುಮಾನ ಬಂದಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಕಂಡದ್ದನ್ನೆಲ್ಲ ಬರೆಯುವುದು ನನ್ನ ಚಟ, ಅಷ್ಟೆ.

ಮರುದಿನವೂ ಬಾಗಿಲು ತೆಗೆದಿತ್ತು. ಅದರ ಮರುದಿನವೂ. ಹೀಗೆ ಹನ್ನೆರಡು ಹದಿಮೂರು ದಿನ ದಿನವೂ ಎರಡೆರಡು ಸಲ ಅಳತೆ ನಡೆಯಿತು. ಅತ್ತಿಗೆ ತಾವು ಬಾಯಿ ತೆರೆದೇ ಮಲಗುವುದೆಂದು ನಂಬಿಬಿಟ್ಟರು. ಗಲ್ಲದ ಅಡಿಯಿಂದ ನೆತ್ತಿಯವರೆಗೆ ಕರವಸ್ತ್ರ ಬಿಗಿದು ಗಂಟು ಹಾಕಿಕೊಂಡು ಮಲಗತೊಡಗಿದರು. ಬೆಳಿಗ್ಗೆ ಆ ಗಂಟಿನ ಗುರುತು ಕೆನ್ನೆಯ ಮೇಲಿರುತ್ತಿತ್ತು. ಕೆಲಸದ ಜಾಗದಲ್ಲಿ ಹಲ್ಲುನೋವು ಎಂದು ಹೇಳಿದ್ದರಂತೆ.

ಇಪ್ಪತ್ತೊಂಬತ್ತನೆಯ ದಿನ ಒಂದೇ ಸಲಕ್ಕೆ ಮೂವತ್ತಾರು ಪಾಯಿಂಟ್ ನಾಲ್ಕು ಒಂದು ಬಂತು. ಅಣ್ಣ ಕೋಣೆಯಿಂದ ಹೊರಗೆ ಬಂದು ನನ್ನ ಬೆನ್ನು ತಟ್ಟಿದ. ಅದೇ ಮಧ್ಯಾಹ್ನ ಅತ್ತಿಗೆಗೆ ಮುಟ್ಟಾಯಿತು.

ಎರಡನೆಯ ತಿಂಗಳೂ ಇದೇ ಕತೆ. ಅಷ್ಟರಲ್ಲಿ ದೊಡ್ಡಮ್ಮ ಒಂದು ತೀರ್ಪು ಕೊಟ್ಟಾಗಿತ್ತು, ಅಮ್ಮ ಅದನ್ನು ನೆಂಟರ ಮನೆಗಳಿಗೆಲ್ಲ ಹಂಚಿಯಾಗಿತ್ತು: ಸೊಸೆಗೆ ಮೊಟ್ಟೆಯೇ ಇಲ್ಲ. ಮೂರನೆಯ ಚಾರ್ಟು ಮುಗಿದ ಮೇಲೆ ಡಾಕ್ಟರು ಅದನ್ನು ಬರೆದು ಕೊಡುವುದೊಂದು ಬಾಕಿ. ಅಮ್ಮ ಕೆಟ್ಟವಳಲ್ಲ. ಊಟಕ್ಕೆ ಕುಳಿತಾಗ ಅತ್ತಿಗೆಯ ತಟ್ಟೆಗೆ ಬೇಯಿಸಿದ ಮೊಟ್ಟೆ ಎರಡು ಹೆಚ್ಚು ಹಾಕುತ್ತಿದ್ದಳು. “ತಿನ್ನಮ್ಮ, ಒಳಗಿಲ್ಲದ್ದು ಹೊರಗಿಂದಾದ್ರೂ ಹೋಗ್ಲಿ.”

ಮೂರನೆಯ ತಿಂಗಳ ಎರಡನೆಯ ವಾರ ಅಣ್ಣ ಕೆಲಸಕ್ಕೆ ಹೋದಾಗ ನನಗೆ ಹೊಸ ರಬ್ಬರು ಬೇಕಾಗಿ ಅವನ ಮೇಜಿನ ಖಾನೆ ತೆಗೆದೆ. ಅಲ್ಲಿ ‘ಕೋಣೆ 10’ ಎಂದು ಬರೆದ ಫೈಲು. ಒಳಗೆ, ಪ್ಲಾಸ್ಟಿಕ್ ಹೊದಿಸಿ ಭದ್ರವಾಗಿಟ್ಟ, ಯಾರೂ ಓದದ ಮಾಹಿತಿಯ ಹಾಳೆ. ನಿಂತಲ್ಲೇ ಓದಿದೆ. ‘ಏರಿಕೆ ಬಹಳ ಚಿಕ್ಕದು: ಸಾಮಾನ್ಯವಾಗಿ ಡಿಗ್ರಿಯ ಎರಡರಿಂದ ಐದು ದಶಾಂಶ. ಮೂರು ದಿನ ಸತತ ನಿಂತರೆ ಮೊಟ್ಟೆ ಬಿಡುಗಡೆಯಾಗಿದೆ ಎಂದು ತಿಳಿಯಬಹುದು.’

ಡೈರಿ ತೆಗೆದು ನೋಡಿದೆ. ಮೊದಲ ಅಂಕಿಗಳಿಗೆ ಮಾತ್ರ ಕೆಳಗೆ ಗೆರೆ ಎಳೆದೆ. ಹದಿನಾರನೆಯ ದಿನದಿಂದ ಏರಿ, ನಿಂತು, ಮುಟ್ಟಿನ ದಿನ ಇಳಿದಿತ್ತು. ಎರಡನೆಯ ತಿಂಗಳೂ ಹಾಗೆಯೇ. ಅತ್ತಿಗೆಯ ಮೈ ತಿಂಗಳು ತಿಂಗಳೂ ಹೇಳಬೇಕಾದ್ದನ್ನು ಹೇಳಿತ್ತು; ನಾವು ನೀರು ಕುಡಿಸಿ ಸುಮ್ಮನಾಗಿಸಿದ್ದೆವು. ನಾವು ಅಂದರೆ ಅಣ್ಣನ ಬಾಯಿ, ನನ್ನ ದುಂಡಗಿನ ಅಕ್ಷರ.

ಸಂಜೆ ಅಣ್ಣ ಬೂಟು ಬಿಚ್ಚುವಾಗ ಅವನ ಎದುರು ನಿಂತೆ. ಮಧ್ಯಾಹ್ನವೆಲ್ಲ ಕನ್ನಡಿಯ ಮುಂದೆ ಹೇಳಿಕೊಂಡ ವಾಕ್ಯ.

“ಅಣ್ಣ, ಪಾಯಿಂಟ್ ಮೂರೂ ಏರಿಕೆಯೇ ಅಂತೆ. ಆ ಹಾಳೆಯಲ್ಲಿ…”

“ಯಾವ ಹಾಳೆ? ಫೈಲು ತೆಗೆದ್ಯಾ?” ಅವನ ಒಂದು ಬೂಟು ಗಾಳಿಯಲ್ಲಿ ನಿಂತಿತು. “ಹಾಳೆಗಳ ನಂಬರು ಹಿಂದುಮುಂದು ಮಾಡಿಲ್ಲ ತಾನೆ?”

“ಇಲ್ಲ. ಅದ್ರಲ್ಲಿ ಬರೆದಿದೆ…”

“ಮೆಲ್ಲಿ, ನಿನ್ನ ಡಿಗ್ರಿ ಯಾವುದ್ರಲ್ಲಿ?”

“ಚರಿತ್ರೆ.”

“ಹಾಂ. ಆಗಿಹೋದದ್ದನ್ನ ನೀನು ನೋಡ್ಕೋ. ಈಗ ಆಗ್ತಿರೋದನ್ನ ನಾನು ನೋಡ್ಕೋತೀನಿ.”

ಅಮ್ಮ ಒಳಗಿನಿಂದಲೇ, “ಅವನ ಕೆಲ್ಸದಲ್ಲಿ ತಲೆ ಹಾಕ್ಬೇಡ್ವೇ, ಗಡಿಯಾರ ಸುಮ್ಮನೆ ಕೊಡ್ತಾರಾ?” ಎಂದಳು.

ನನ್ನ ವಾಕ್ಯ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಮತ್ತೆ ಗೋಡೆಗೆ ಒರಗಿ ನಿಂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅತ್ತಿಗೆಗೆ ನೇರ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೇಳಲೆಂದೇ ಒಂದು ದಿನ ಅವರ ಅಂಗಡಿಗೆ ಹೋದೆ. ಅವರು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಹಿಂದಿನ ಕತ್ತಲೆಯ ಕೋಣೆಯಲ್ಲಿ ಒಬ್ಬ ಮುದುಕರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರವಾದ ಚೌಕಟ್ಟಿಟ್ಟು, ಒಂದೊಂದೇ ಗಾಜು ಬದಲಾಯಿಸುತ್ತಿದ್ದರು.

“ಮೇಲಿನ ಸಾಲು ಓದಿ ಸರ್.”

ಮುದುಕರು ಮೂರರ ಬದಲು ಎಂಟು ಎಂದರು, ಆರರ ಬದಲು ಸೊನ್ನೆ ಎಂದರು. ಅತ್ತಿಗೆ ತಲೆಯಾಡಿಸದೆ ಬರೆದುಕೊಂಡರು. ಮುದುಕರು ಹೋದ ಮೇಲೆ ನಾನು, “ಅದು ಎಂಟಲ್ಲ ಅಂತ ಹೇಳಬಾರದಿತ್ತಾ ಅತ್ತಿಗೆ?” ಎಂದೆ.

“ಹೇಳಿಕೊಟ್ಟು ಓದಿಸಿದ್ರೆ ಅವರಿಗೆ ಕನ್ನಡಕ ಹೆಂಗೆ ಮಾಡೋದು? ಅವರು ತಪ್ಪು ಓದ್ಲಿ ಅಂತಾನೇ ಕೂರಿಸೋದು ಕಣೇ.” ಗಾಜುಗಳನ್ನು ಒರೆಸಿ ಪೆಟ್ಟಿಗೆಯ ಸಾಲಿಗೆ ಸೇರಿಸುತ್ತ, ನನ್ನ ಕಡೆ ತಿರುಗದೆ ಕೇಳಿದರು, “ಮೆಲ್ಲಿ, ನಿಜ ಹೇಳು. ಚಾರ್ಟಿನಲ್ಲಿ ಎಲ್ಲಾದ್ರೂ ಒಂಚೂರು ಮೇಲೆ ಹೋಗಿದೆಯಾ?”

ಚಾರ್ಟಿನಲ್ಲಿ ಹೋಗಿರಲಿಲ್ಲ. “ಚಾರ್ಟಿನಲ್ಲಿ ಇಲ್ಲ ಅತ್ತಿಗೆ” ಎಂದೆ. ‘ಆದರೆ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಾಗಿಲು ತಳ್ಳಿದರು.

“ಇಂಜೆಕ್ಷನ್ನು ಅಂದ್ರೆ ದಿನಾ ಚುಚ್ಚಿಸ್ಕೋಬೇಕಂತೆ. ಅದು ಪರವಾಗಿಲ್ಲ” ಎಂದರು ಅತ್ತಿಗೆ, ಗಿರಾಕಿಗೆ ಕೇಳಿಸದಷ್ಟು ಮೆತ್ತಗೆ. “ನನ್ನ ಮೈ ಏನೂ ಮಾಡ್ತಾನೇ ಇಲ್ಲ ಅಂತ ಅನ್ನಿಸೋದಿದೆಯಲ್ಲ, ಅದೇ ಬೇಜಾರು. ಎಲ್ಲರ ಮೈಯೂ ಕೆಲಸ ಮಾಡುತ್ತೆ, ನಂದು ಸುಮ್ಮನೆ ಮಲಗಿದೆ.”

ಕೆನ್ನೆಯ ಮೇಲೆ ಕರವಸ್ತ್ರದ ಗೆರೆ ಹಾಗೆಯೇ ಇತ್ತು.

ಅವತ್ತು ನಿಶ್ಚಯಿಸಿದೆ. ಮನೆಯಲ್ಲಿ ಹೇಳಿದರೆ ಅಣ್ಣನ ಗಡಿಯಾರಗಳ ಮುಂದೆ ನಿಲ್ಲುವುದಿಲ್ಲ. ಡಾಕ್ಟರ ಎದುರು ಹೇಳಬೇಕು. ಅದಕ್ಕೆ ಪುರಾವೆ ಡೈರಿ ಮಾತ್ರ. ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡು ಒಯ್ಯೋಣವೆಂದು ಕುಳಿತೆ. ಆದರೆ ಹೊಸ ಹಾಳೆಯಲ್ಲಿ ಹೊಸ ಶಾಯಿಯಲ್ಲಿ ಬರೆದದ್ದನ್ನು ಅಣ್ಣ ಒಂದೇ ಏಟಿಗೆ ತಳ್ಳಿಹಾಕುತ್ತಾನೆ. ಡೈರಿಯನ್ನೇ ಒಯ್ಯಬೇಕು. ಡೈರಿಯಲ್ಲಿ ಅಂಕಿಗಳ ಸುತ್ತ ಏನೇನಿದೆ ಎಂದು ನೆನೆದು, ಬಾಗಿಲಿಗೆ ಚಿಲಕ ಹಾಕಿ ಮತ್ತೊಮ್ಮೆ ಓದಿದೆ.

ಮೂರನೆಯ ಚಾರ್ಟು ಮುಗಿದ ಶನಿವಾರ ನಾಲ್ವರೂ ಹೊರಟೆವು. ಅಮ್ಮ ತೀರ್ಪು ಕಿವಿಯಾರೆ ಕೇಳಲು, ಅಣ್ಣ ಫೈಲು ಹಿಡಿಯಲು, ನಾನು ಬರೆದವಳೆಂಬ ಹೆಸರಿಗೆ. ಅತ್ತಿಗೆ ಬರಲೇಬೇಕಿತ್ತಲ್ಲ, ಬಂದರು. ಡೈರಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದ ಅಡಿಗೆ ಹಾಕಿದ್ದೆ.

ಡಾಕ್ಟರು ಮೂರು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು. ಕನ್ನಡಕ ಮೇಲೆತ್ತಿ ನೋಡಿದರು, ಇಳಿಸಿ ನೋಡಿದರು.

“ಇದೇನ್ರೀ ಇದು? ಸ್ಕೇಲು ಇಟ್ಟು ಎಳೆದ ಹಾಗಿದೆಯಲ್ಲ!”

“ಥ್ಯಾಂಕ್ಸ್ ಡಾಕ್ಟ್ರೇ” ಎಂದ ಅಣ್ಣ.

“ಹೊಗಳಿದ್ದಲ್ಲ. ಸತ್ತವರ ಗೆರೆಯೂ ಇಷ್ಟು ನೆಟ್ಟಗಿರಲ್ಲ.” ಅತ್ತಿಗೆಯ ಕಡೆ ತಿರುಗಿ ಮೆತ್ತಗೆ, “ಮೂರು ತಿಂಗಳೂ ಏರಿಕೆ ಇಲ್ಲಮ್ಮ. ಮೊಟ್ಟೆ ಬರ್ತಿರೋ ಹಾಗೆ ಕಾಣ್ತಿಲ್ಲ. ಮಾತ್ರೆಯಿಂದ ಶುರು ಮಾಡೋಣ” ಎಂದರು.

“ನಾನು ಅವತ್ತೇ ಅಂದಿದ್ದೆ” ಎಂದಳು ಅಮ್ಮ.

ಅತ್ತಿಗೆ ಮೇಜಿನ ಅಂಚನ್ನು ನೋಡುತ್ತ ತಲೆಯಾಡಿಸಿದರು. ಡಾಕ್ಟರು ಚೀಟಿಯ ಮೇಲೆ ಪೆನ್ನಿಟ್ಟರು.

“ಇನ್ನೊಂದಿದೆ” ಎಂದೆ.

ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ. ಅಮ್ಮ, “ನೊಣ ಓಡಿಸು” ಎಂದಳು, ನಾನು ನೊಣದ ಬಗ್ಗೆ ಏನೋ ಹೇಳಿದೆನೆಂದುಕೊಂಡು. ಆಗ ಡೈರಿಯನ್ನು ಪತ್ರಿಕೆ ಸಮೇತ ಚಾರ್ಟುಗಳ ಮೇಲೆ ಇಟ್ಟುಬಿಟ್ಟೆ. ಅದು ‘ಧಪ್’ ಎಂದಿತು. ನನ್ನ ಪರವಾಗಿ ಅದೇ ಮಾತಾಡಿತು.

“ಏನಮ್ಮ ಇದು?”

“ಬಾಗಿಲು ಮುಚ್ಚೋ ಮೊದಲಿನ ಅಂಕಿಗಳು.”

“ಯಾವ ಬಾಗಿಲು?”

ಅಣ್ಣ, “ಡಾಕ್ಟ್ರೇ, ಅವಳು ಚರಿತ್ರೆ ಓದಿರೋದು” ಎಂದ.

“ಓದಮ್ಮ” ಎಂದರು ಡಾಕ್ಟರು. “ಬರೀ ಅಂಕಿ ಬೇಡ. ಸುತ್ತಮುತ್ತ ಏನಾಯ್ತು ಅಂತ ಬರೆದಿದ್ರೆ ಅದನ್ನೂ ಓದು. ನಿದ್ದೆ ಕೆಟ್ಟಿದ್ರೆ, ಜ್ವರ ಬಂದಿದ್ರೆ ನಂಗೆ ಗೊತ್ತಾಗ್ಬೇಕು.”

ಪತ್ರಿಕೆ ಬಿಚ್ಚಿ ಹದಿನಾರನೆಯ ದಿನದ ಪುಟ ತೆಗೆದೆ. ಓದಿದೆ.

“‘ಹದಿನಾರನೇ ದಿನ. 36.74. ಅಣ್ಣ ಬಾಗಿಲು ತೆಗೆದಿತ್ತು ಎಂದ. ಎರಡು ಗುಟುಕು ತಣ್ಣೀರು, ಕಿಟಕಿ, ಫ್ಯಾನು. 36.45. ಎರಡನೆಯದನ್ನು ಬರೆದೆ. ಅತ್ತಿಗೆ ತಪ್ಪಾಯ್ತು ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.’”

ಡಾಕ್ಟರು ಹೊಸ ಚೌಕುಳಿ ಹಾಳೆ ಎಳೆದುಕೊಂಡು ಒಂದು ಚುಕ್ಕೆ ಇಟ್ಟರು. “ಮುಂದೆ.”

“‘ಹದಿನೇಳನೇ ದಿನ. 36.77. ಮತ್ತೆ ಬಾಗಿಲು. 36.51. ಅಮ್ಮ ದೊಡ್ಡಮ್ಮನಿಗೆ ಫೋನಿನಲ್ಲಿ, ಕಲ್ಲಾದರೂ ಬಿಸಿಲಿಗೆ ಕಾಯುತ್ತೆ, ಇವಳು ಕಾಯಲ್ಲ, ಅಂದಳು.’”

“ನಾನೆಲ್ಲಿ ಹಾಗಂದೆ?”

“ಆರೂ ಇಪ್ಪತ್ತೈದಕ್ಕಮ್ಮ” ಎಂದೆ. ಸಮಯ ಬರೆದಿತ್ತು.

“ಮುಂದೆ, ಮುಂದೆ” ಎಂದರು ಡಾಕ್ಟರು.

“‘ಹತ್ತೊಂಬತ್ತನೇ ದಿನ. 36.75. ಮೂರು ಸಲ ಅಳೆದರು. ಮೂರನೇ ಸಲಕ್ಕೆ ಅಣ್ಣ ಫ್ರಿಜ್ಜಿನಿಂದ ಐಸು ತಂದ. 36.38. ಹೆಂಗೆ ದಾರಿಗೆ ಬಂತು ನೋಡು ಎಂದ.’”

ಡಾಕ್ಟರ ಪೆನ್ನು ನಿಂತಿತು. “ಐಸಾ?”

“ಚಿಕ್ಕ ತುಂಡು ಡಾಕ್ಟ್ರೇ” ಎಂದ ಅಣ್ಣ. “ಎಡಗಡೆ ಕೆನ್ನೆಯೊಳಗೆ.”

“‘ಇಪ್ಪತ್ತನೇ ದಿನ. 36.78. ಅಣ್ಣನಿಗೆ ಸೋಫಾದಲ್ಲಿ ಮಲಗಿ ಬೆನ್ನು ಹಿಡಿದಿದೆ. ಏರಿಕೆ ಕಂಡ ದಿನ ಒಳಗೆ ಹೋಗುತ್ತೇನೆ ಎಂದಿದ್ದಾನೆ. ಏರಿದಾಗೆಲ್ಲ ಇಳಿಸುತ್ತಾನೆ. ಹೀಗೇ ಆದರೆ…’” ಇಲ್ಲಿ ನಿಲ್ಲಿಸಿದೆ.

“ಹೀಗೇ ಆದರೆ?”

“‘ಹೀಗೇ ಆದರೆ ಮಗು ಸೋಫಾಕ್ಕೇ ಹುಟ್ಟಬೇಕು.’”

ಡಾಕ್ಟರು ನಗಲಿಲ್ಲ, ಕೆಮ್ಮಿದರು, ತುಂಬ ಹೊತ್ತು ಕೆಮ್ಮಿದರು. ಆಮೇಲೆ ಅಣ್ಣನನ್ನು ನೋಡಿ, “ಮೂರು ತಿಂಗಳು ಹಾಲಿನಲ್ಲಿ ಮಲಗಿದ್ರಾ?” ಎಂದರು.

“ಶಾಖ ತಾಗಬಾರದು ಅಂತ.”

ನಾನು ಓದುತ್ತ ಹೋದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಕಷ್ಟವೆಂದು ತಿಳಿಯಿತು. ಮೂರು ತಿಂಗಳ ಅಂಕಿ ಮುಗಿದಾಗ ಡಾಕ್ಟರು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು, ಹಾಳೆಯನ್ನು ಅತ್ತಿಗೆಯ ಕಡೆ ತಿರುಗಿಸಿದರು. ಕೆಳಗೆ ಒಂದು ಸಮ, ನಡುವೆ ಒಂದು ಹತ್ತುವಿಕೆ, ಮೇಲೆ ಇನ್ನೊಂದು ಸಮ. ಮೂರು ಸಲ.

“ಪುಸ್ತಕದಲ್ಲಿ ಹಾಕೋ ಹಾಗಿದೆ ನೋಡಮ್ಮ. ಮೂರು ತಿಂಗಳೂ ಮೊಟ್ಟೆ ಬಂದಿರೋ ಹಾಗೇ ಕಾಣುತ್ತೆ. ಒಂದು ರಕ್ತಪರೀಕ್ಷೆ ಮಾಡಿ ಗಟ್ಟಿ ಮಾಡ್ಕೊಳ್ಳೋಣ. ಮಾತ್ರೆ ಬೇಡ.” ಬರೆದಿದ್ದ ಚೀಟಿಯನ್ನು ಹರಿದರು. “ನೀವು ಯಜಮಾನರೇ, ಈ ಏರಿಕೆ ಕಾಣೋ ಹೊತ್ತಿಗೆ ಮೊಟ್ಟೆ ಆಗಲೇ ಹೊರಟಿರುತ್ತೆ. ಬಸ್ಸು ಹೋದ ಮೇಲೆ ಏಳೋ ಧೂಳು ಇದು. ಧೂಳು ನೋಡ್ಕೊಂಡು ಮುಂದಿನ ತಿಂಗಳ ಬಸ್ಸಿಗೆ ಎರಡು ದಿನ ಮೊದಲೇ ಹೋಗಿ ನಿಂತ್ಕೋಬೇಕು. ನೀವು ಧೂಳನ್ನೂ ನೀರು ಹಾಕಿ ಕೂರಿಸಿದ್ದೀರ.”

ಅಣ್ಣ ಹಾಳೆಯನ್ನು ನೋಡಿದ. “ಆದ್ರೆ ಡಾಕ್ಟ್ರೇ, ಗೆರೆ ನೆಟ್ಟಗಿಲ್ಲವಲ್ಲ” ಎಂದ. ಪಾಪ, ಅದು ಹಟವಾಗಿರಲಿಲ್ಲ. ಅವನಿಗೆ ನಿಜವಾಗಿಯೂ ನೋವಾಗಿತ್ತು.

“ಬದುಕಿದ್ದಾರೆ, ಅದಕ್ಕೆ. ಈಗ ನಿಮ್ಮ ಪರೀಕ್ಷೆ.”

“ನನಗೆ ಬಿಪಿ, ಶುಗರು ಎಲ್ಲ ನಾರ್ಮಲ್ಲು. ವರ್ಷ ವರ್ಷ ಕಂಪನಿಯವರೇ ತಪಾಸಣೆ ಮಾಡಿಸ್ತಾರೆ.”

“ಕಂಪನಿಯವರು ಇದನ್ನ ನೋಡಲ್ಲ ಬಿಡಿ. ಕೊನೇ ಸಲ ಕೂಡಿದ್ದಕ್ಕೂ ವೀರ್ಯ ಕೊಡೋದಕ್ಕೂ ಎರಡು ದಿನಕ್ಕಿಂತ ಕಮ್ಮಿ ಅಂತರ ಇರಬಾರದು, ಏಳು ದಿನಕ್ಕಿಂತ ಜಾಸ್ತಿಯೂ ಇರಬಾರದು. ನೀವು ಆ ಲೆಕ್ಕ ಬಿಟ್ಟು ಎಲ್ಲೋ ಹೋಗಿದ್ದೀರ. ಮೊದಲು ಸೋಫಾ ಬಿಡಿ. ಆಮೇಲೆ ಗುರುವಾರ ಬನ್ನಿ.”

ಅಮ್ಮ ಕುರ್ಚಿಯಿಂದ ಎದ್ದು ಗೋಡೆಯ ಕ್ಯಾಲೆಂಡರನ್ನು ಪರಿಚಯದವರ ಮುಖ ನೋಡಿದ ಹಾಗೆ ನೋಡತೊಡಗಿದಳು. ಅತ್ತಿಗೆ ಮಾತ್ರ ಆ ಹಾಳೆ ಬಿಟ್ಟು ಕಣ್ಣು ತೆಗೆಯಲಿಲ್ಲ. ಹತ್ತುವ ಗೆರೆಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದರು, ಮತ್ತೆ ಇನ್ನೊಮ್ಮೆ. “ಇದನ್ನ ನಾನು ಇಟ್ಕೋಬಹುದಾ?” ಎಂದು ಕೇಳಿದರು.

ಹೊರಗಿನ ಓಣಿಯಲ್ಲಿ ಲ್ಯಾಬಿನ ಕಿಟಕಿ. ಅಣ್ಣ ಗುರುವಾರದ ಚೀಟಿ ಮಾ‌ಡಿಸಲು ನಿಂತ. ಒಳಗಿದ್ದ ಹೆಂಗಸು ಹೆಸರು, ವಯಸ್ಸು ಬರೆದುಕೊಂಡು, ಒಂದು ಪುಟ್ಟ ಡಬ್ಬಿಯನ್ನು ತೋರಿಸಿ, ಅದನ್ನು ಹೇಗೆ ಬಳಸಬೇಕೆಂದು ಇಡೀ ಓಣಿಗೆ ಕೇಳುವಂತೆ ವಿವರಿಸಿದರು. ಬೆಂಚಿನ ಮೇಲಿದ್ದ ಆರು ಜನ ಒಟ್ಟಿಗೆ ತಮ್ಮ ತಮ್ಮ ಪಾದ ನೋಡಿಕೊಂಡರು.

ಅಣ್ಣ ಕಿಟಕಿಗೆ ಬಾಗಿ ತಗ್ಗಿದ ದನಿಯಲ್ಲಿ, “ಮೇಡಂ, ಅಕಸ್ಮಾತ್ ಮೊದಲನೇದು ಸರಿಯಾಗಿ ಬರ್ಲಿಲ್ಲ ಅಂದ್ರೆ, ಹತ್ತು ನಿಮಿಷ ಬಿಟ್ಟು ಇನ್ನೊಂದು…” ಎಂದ.

“ಹತ್ತು ನಿಮಿಷಕ್ಕಾ?” ಎಂದರು ಆಕೆ. “ನಿಮಗಾಗುತ್ತೇನ್ರೀ?”

ಬೆಂಚಿನಲ್ಲಿ ಯಾರೋ ಮೂಗಿನಿಂದ ನಕ್ಕರು.

ಅಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಬಂದ. ನನ್ನ ಮುಂದೆ ನಿಂತು, “ಮೆಲ್ಲಿ, ಆ ಪುಸ್ತಕದಲ್ಲಿ ಇನ್ನೂ ಏನೇನಿದೆ?” ಎಂದ.

“ಅಂಕಿ ಮುಗೀತು. ಉಳಿದದ್ದು ನಂದು” ಎಂದೆ.

“ಕಾಲೇಜಿಗೆ ಕಳಿಸಿದ್ದೇ ತಪ್ಪಾಯ್ತು” ಎಂದಳು ಅಮ್ಮ. ಆಮೇಲೆ ನನ್ನ ಕಡೆ ವಾಲಿ, “ಅಕ್ಕನ ಬಗ್ಗೆ ನಾನು ಅಂದದ್ದನ್ನೂ ಬರೆದಿದ್ದೀಯಾ?” ಎಂದು ಕೇಳಿದಳು.

“ಬರೆದಿದ್ದೀನಿ.”

“ಅಯ್ಯೋ ದೇವರೇ.”

ಅಣ್ಣ ಅತ್ತಿಗೆಗೆ ಹೇಳಿದ, “ಗುರುವಾರ ಬೆಳಿಗ್ಗೆ ನಾನೊಬ್ಬನೇ ಬಂದು ಹೋಗ್ತೀನಿ. ಹತ್ತು ನಿಮಿಷದ ಕೆಲಸ.”

“ಒಬ್ಬರೇ ಯಾಕೆ? ಎಲ್ಲರೂ ಬರೋಣ” ಎಂದರು ಅತ್ತಿಗೆ. ಅವರ ಕೈಯಲ್ಲಿ ಹಾಳೆ ಸುರುಳಿಯಾಗಿತ್ತು. “ನೀವು ಒಳಗೆ ಹೋಗಿ. ಅತ್ತೆ ಬಾಗಿಲ ಹತ್ತಿರ ನಿಂತ್ಕೋತಾರೆ. ಮೆಲ್ಲಿ ಗೋಡೆ ಪಕ್ಕ ಪ್ಯಾಡು ಹಿಡ್ಕೊಂಡಿರ್ತಾಳೆ. ಎಷ್ಟು ಬಂತು ಅಂತ ಲ್ಯಾಬಿನವರು ಹೇಳಿದ ತಕ್ಷಣ ದೊಡ್ಡಮ್ಮನಿಗೆ ಫೋನು ಮಾಡಿ ಹೇಳೋಣ.”

“ಏ, ಇದನ್ನೆಲ್ಲ ಊರಿಗೆಲ್ಲ ಹೇಳ್ತಾರಾ? ಅಷ್ಟು ಜನ ಯಾಕೆ?”

“ನಂದಕ್ಕೆ ಎಲ್ಲರೂ ಇದ್ರಲ್ಲ” ಎಂದರು ಅತ್ತಿಗೆ.

ಅಣ್ಣ ಉತ್ತರಕ್ಕಾಗಿ ಅಮ್ಮನ ಮುಖ ನೋಡಿದ. ಅಮ್ಮ ಎದುರು ಗೋಡೆಯ ಮೇಲಿದ್ದ, ಎಳೆಗೂಸುಗಳಿಗೆ ಹಾಕಿಸುವ ಲಸಿಕೆಗಳ ಪಟ್ಟಿಯನ್ನು ಮೊದಲ ಸಾಲಿನಿಂದ ಬಾಯಿಬಿಟ್ಟು ಓದತೊಡಗಿದ್ದಳು.